ಹಳೆಯ ಮನೆಗೆ ತಂತಿಯಿಲ್ಲದ ಸಂಗೀತ: ನಾಲ್ಕು ಡಿಸ್ಕಿನ ನಾಸ್ ಬೇಕೇ, ಚಿಕ್ಕ ಪೆಟ್ಟಿಗೆ ಸಾಕೇ?

ತೋಟದಮನೆ, ನಾಪೋಕ್ಲು

ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲು ಹತ್ತಿರದ ನಮ್ಮ ಮನೆ ಹಳೆಯ ಕಾಲದ್ದು. ಎರಡಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಹೆಂಚು. ನೆಲ್ಲಕ್ಕಿ ನಡುಬಾಡೆಯ (ದೀಪವಿಡುವ ನಡುಮನೆಯ) ಪಕ್ಕದ ಕೋಣೆಯಲ್ಲಿ ಅಪ್ಪನ ಆಂಪ್ಲಿಫೈಯರ್ ಮತ್ತು ಮರದ ಪೆಟ್ಟಿಗೆಯ ಎರಡು ಸ್ಪೀಕರ್‌ಗಳಿವೆ. ಅವು ಈಗಲೂ ಗಟ್ಟಿಮುಟ್ಟಾಗಿವೆ. ಸುಮಾರು ನೂರೈವತ್ತು ಸಿ.ಡಿ., ಒಂದು ಟ್ರಂಕ್ ತುಂಬ ಕ್ಯಾಸೆಟ್ ಇವೆ. ಕ್ಯಾಸೆಟ್‌ಗಳಲ್ಲಿ ಅಂಗಡಿಯಿಂದ ತಂದವು ಒಂದಷ್ಟು. ಉಳಿದವು ಪುತ್ತರಿ ಸುಗ್ಗಿ ಹಬ್ಬದಲ್ಲಿ ಹಿರಿಯರು ದುಡಿ ಎಂಬ ಚಿಕ್ಕ ಚರ್ಮವಾದ್ಯ ಬಡಿದು ಹಾಡಿದ್ದನ್ನು ಅಪ್ಪ ರೆಕಾರ್ಡ್ ಮಾಡಿಟ್ಟವು. ಅವು ಬೇರೆಲ್ಲೂ ಸಿಗುವುದಿಲ್ಲ.

ಇವೆಲ್ಲವೂ ಒಂದೇ ಕಡೆ ಇರಬೇಕು. ನಡುಬಾಡೆ, ಅಡುಗೆಮನೆ, ಜಗಲಿ ಮೂರೂ ಕಡೆ ಕೇಳಿಸಬೇಕು. ಫೋನ್ ಬಂದರೆ ಹಾಡು ನಿಲ್ಲಬಾರದು. ಅಮ್ಮ ಒಬ್ಬರೇ ಇದ್ದಾಗಲೂ ಹಾಕಿಕೊಳ್ಳುವಂತಿರಬೇಕು. ಮೈಸೂರಿನ ಅಂಗಡಿಯೊಂದರಲ್ಲಿ ನಾಲ್ಕು ಡಿಸ್ಕಿನ ನಾಸ್ ಪೆಟ್ಟಿಗೆ (ಮನೆಯ ನೆಟ್‌ವರ್ಕ್‌ಗೆ ಜೋಡಿಸಿ ಕಡತಗಳನ್ನಿಡುವ ಪೆಟ್ಟಿಗೆ), ಮೂರು ವೈರ್‌ಲೆಸ್ ಸ್ಪೀಕರ್, ಮನೆಯುದ್ದಕ್ಕೂ ವೈಫೈ ಹಂಚುವ ಮೆಶ್ ರೂಟರ್ ಎಂದು ಬರೆದುಕೊಟ್ಟರು. ಲೆಕ್ಕ ಲಕ್ಷ ದಾಟಿತು. ನನ್ನ ಕೈಯಲ್ಲಿರುವುದು ಮೂವತ್ತು ಸಾವಿರ. ಏನು ಮಾಡಬಹುದು?

ಹೂಮಳೆ

ಇಷ್ಟೆಲ್ಲ ರಗಳೆ ಏಕೆ? ಹಾಡಿನ ಆ್ಯಪ್‌ಗೆ ತಿಂಗಳಿಗೆ ನೂರಿನ್ನೂರು ಕೊಟ್ಟರೆ ಕೋಟಿಗಟ್ಟಲೆ ಹಾಡುಗಳಿವೆ. ಒಂದು ಒಳ್ಳೆಯ ಬ್ಲೂಟೂತ್ ಸ್ಪೀಕರ್ ತಂದು ಜಗಲಿಯಲ್ಲಿಟ್ಟು ಫೋನಿನಿಂದ ಹಾಕಿದರೆ ಮುಗಿಯಿತು. ನಾವು ಮನೆಯಲ್ಲಿ ಮಾಡುತ್ತಿರುವುದು ಅಷ್ಟೇ. ಕ್ಯಾಸೆಟ್‌ಗಳನ್ನು ಯಾರಿಗಾದರೂ ಕೊಟ್ಟು ಪೆನ್‌ಡ್ರೈವ್‌ಗೆ ಹಾಕಿಸಿ.

ತಂತಿಗಾರ, ಸುಂಟಿಕೊಪ್ಪ

ಹೂಮಳೆಯವರೇ, ನಿಮ್ಮ ಉತ್ತರ ಮೇ ತಿಂಗಳ ಕೊನೆಯವರೆಗೆ ಸರಿ. ಆಮೇಲೆ ಮಳೆಗಾಲ, ಮರವೊಂದು ಕರೆಂಟ್ ಲೈನಿನ ಮೇಲೆ ಬೀಳುತ್ತದೆ. ನಮ್ಮಲ್ಲಿ ಫೈಬರ್ ಕೇಬಲ್ ಓಡಾಡುವುದೂ ಅದೇ ಕಂಬಗಳ ಮೇಲೆ, ಅದೇ ಮರಗಳ ಕೆಳಗೆ. ಎರಡೂ ಒಟ್ಟಿಗೆ ಹೋಗುತ್ತವೆ, ಕರೆಂಟ್ ಮೊದಲು ಬರುತ್ತದೆ, ಕೇಬಲ್ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಮನೆಯಲ್ಲೇ ಕೂರುವ ಆ ತಿಂಗಳುಗಳಲ್ಲೇ ಹಾಡು ಬೇಕಾಗುವುದು.

ಬ್ಲೂಟೂತ್ ವಿಷಯ. ಅದರಲ್ಲಿ ಹಾಡು ಫೋನಿನ ಮೂಲಕವೇ ಸ್ಪೀಕರ್‌ಗೆ ಹೋಗುತ್ತದೆ. ಹಾಗಾಗಿ ಕರೆ ಬಂದರೆ ನಿಲ್ಲುತ್ತದೆ, ಫೋನ್ ಹಿಡಿದು ಅಂಗಳಕ್ಕೆ ಹೋದರೆ ತುಂಡಾಗುತ್ತದೆ. ಸಾಮಾನ್ಯವಾಗಿ ಹತ್ತು ಮೀಟರ್ ಎನ್ನುತ್ತಾರೆ. ಎರಡಡಿಯ ಮಣ್ಣಿನ ಗೋಡೆ ಅಡ್ಡ ಬಂದರೆ ಅದರಲ್ಲಿ ಅರ್ಧವೂ ಉಳಿಯುವುದಿಲ್ಲ. ಒಂದೇ ಕೋಣೆಯಲ್ಲಿ ಕುಳಿತು ಕೇಳುವವರಿಗೆ ಬ್ಲೂಟೂತ್ ಧಾರಾಳವಾಗಿ ಸಾಕು. ಮೂರು ಕಡೆ ಕೇಳಬೇಕು ಎನ್ನುವವರಿಗೆ ಅದು ಉತ್ತರವಲ್ಲ.

ವೈಫೈ ಮೂಲಕ ನುಡಿಸುವ ಪೆಟ್ಟಿಗೆಗಳ ರೀತಿ ಬೇರೆ. ಫೋನ್ ಅಲ್ಲಿ ಬರೀ ರಿಮೋಟ್. ಯಾವ ಹಾಡು ಎಂದು ಹೇಳುವುದಷ್ಟೇ ಅದರ ಕೆಲಸ. ಹಾಡನ್ನು ತರುವುದು ಪೆಟ್ಟಿಗೆಯೇ. ಆದರೆ ಎಲ್ಲಿಂದ ತರುತ್ತದೆ ಎಂಬುದೇ ಪ್ರಶ್ನೆ. ಇಂಟರ್‌ನೆಟ್‌ನಿಂದ ಮಾತ್ರ ತರಲು ಗೊತ್ತಿರುವ ಪೆಟ್ಟಿಗೆ ಜುಲೈನಲ್ಲಿ ಕಾಗದ ಒತ್ತುವ ಕಲ್ಲಾಗುತ್ತದೆ. ಆದ್ದರಿಂದ ಯಾವುದನ್ನೇ ಕೊಳ್ಳಿ, ಮೊದಲು ಒಂದು ಪರೀಕ್ಷೆ ಮಾಡಿ: ರೂಟರ್ ಆನ್ ಇರಲಿ, ಅದಕ್ಕೆ ಬರುವ ಫೈಬರ್ ತಂತಿಯನ್ನು ಕಿತ್ತುಬಿಡಿ, ಪೆಟ್ಟಿಗೆಯನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಮನೆಯಲ್ಲಿರುವ ಹಾಡು ಆಗಲೂ ಬಂದರೆ ಇಟ್ಟುಕೊಳ್ಳಿ. ಆ್ಯಪ್ ಸುಮ್ಮನೆ ಸುತ್ತುತ್ತಾ ಕುಳಿತರೆ ಅಂಗಡಿಗೆ ವಾಪಸ್.

ಹೂಮಳೆ

ಆಫ್‌ಲೈನ್ ಡೌನ್‌ಲೋಡ್ ಸೌಲಭ್ಯ ಇದೆಯಲ್ಲ?

ಮೇಷ್ಟ್ರು, ಶನಿವಾರಸಂತೆ

ಇದೆ ತಾಯಿ, ಆದರೆ ಅದು ಬಾಡಿಗೆಯ ಮನೆ. ಡೌನ್‌ಲೋಡ್ ಮಾಡಿದ ಹಾಡು ಆ ಆ್ಯಪ್‌ನೊಳಗೇ ಬೀಗ ಹಾಕಿಕೊಂಡಿರುತ್ತದೆ. ಸ್ಪಾಟಿಫೈನಲ್ಲಿ 30 ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್‌ಗೆ ಮುಖ ತೋರಿಸಬೇಕು. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು. ರೆಸ್ಸೋ 2024ರ ಜನವರಿಯಲ್ಲಿ ಭಾರತದಿಂದ ಹೊರಟಿತು. ಅದೇ ವರ್ಷ ವಿಂಕ್ ಕೂಡ ಬಾಗಿಲು ಹಾಕಿತು. ಅಲ್ಲಿ ವರ್ಷಾನುಗಟ್ಟಲೆ ಜೋಡಿಸಿಕೊಂಡ ಪಟ್ಟಿಗಳ ಗತಿಯೇನಾಯಿತೆಂದು ಜೋಡಿಸಿಕೊಂಡವರನ್ನೇ ಕೇಳಿ.

ಯಂತ್ರಗಳೂ ಅಷ್ಟೇ. ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೋ ಎಂಬ ಅಂಗೈಯಗಲದ ಬಿಲ್ಲೆ, ಹಳೆಯ ಸ್ಪೀಕರ್‌ಗೆ ವೈಫೈ ಮೂಲಕ ಹಾಡು ತರುವಂಥದ್ದು, 2015ರಲ್ಲಿ ಬಂತು, 2019ರ ಹೊತ್ತಿಗೆ ನಿಂತಿತು. ಲಾಜಿಟೆಕ್ ಕಂಪನಿ ಸ್ಕ್ವೀಝ್‌ಬಾಕ್ಸ್ ಎಂಬ ಸಂಗೀತ ಪೆಟ್ಟಿಗೆಗಳ ತಯಾರಿಕೆಯನ್ನು 2012ರಲ್ಲೇ ಕೈಬಿಟ್ಟಿತು. ಆದರೆ ಅದರ ಸರ್ವರ್ ತಂತ್ರಾಂಶ ಮುಕ್ತವಾಗಿದ್ದುದರಿಂದ ಬಳಕೆದಾರರು ಉಳಿಸಿಕೊಂಡು ಬಂದರು. ಈಗ ಅದರ ಹೆಸರು ಲಿರಿಯನ್ ಮ್ಯೂಸಿಕ್ ಸರ್ವರ್. ಕಂಪನಿ ಕೈಬಿಟ್ಟ ಮೇಲೂ ಬದುಕಿರುವ ತಂತ್ರಾಂಶದ ಮೇಲೆ ನನಗೆ ಹೆಚ್ಚು ನಂಬಿಕೆ. ಚಂದಾ ಕಟ್ಟಬೇಡಿ ಎನ್ನುತ್ತಿಲ್ಲ. ಹೊಸ ಹಾಡು ಹುಡುಕಲು ನಾನೂ ಕಟ್ಟುತ್ತೇನೆ. ಅಪ್ಪನ ಕ್ಯಾಸೆಟ್‌ಗೂ ಅದಕ್ಕೂ ಸಂಬಂಧವಿಲ್ಲ ಎನ್ನುತ್ತಿದ್ದೇನೆ.

ಕುಶಾಲನಗರದ ಕಿವಿ

ಮಾಡುವುದಾದರೆ ಸರಿಯಾಗಿ ಮಾಡಿ. 24 ಬಿಟ್, 192 ಕಿಲೋಹರ್ಟ್ಸ್‌ನಲ್ಲಿ ರಿಪ್ ಮಾಡಿ (ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ), ನಾಲ್ಕು ಡಿಸ್ಕಿನ ನಾಸ್ ಹಾಕಿ, ರೇಡ್ ಮಾಡಿ. ಅಂಗಡಿಯವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಎಂಪಿ3 ಎಂದರೆ ನನಗೆ ಅಲರ್ಜಿ.

ಮೇಷ್ಟ್ರು, ಶನಿವಾರಸಂತೆ

ಲೆಕ್ಕ ಹಾಕೋಣ ಬನ್ನಿ. ಸಿ.ಡಿ.ಯಲ್ಲಿರುವುದು 16 ಬಿಟ್, 44.1 ಕಿಲೋಹರ್ಟ್ಸ್, ಸೆಕೆಂಡಿಗೆ 1,411 ಕಿಲೋಬಿಟ್. ಒಂದು ಗಂಟೆಗೆ ಸುಮಾರು 635 ಎಂ.ಬಿ. ಅದನ್ನೇ ಫ್ಲ್ಯಾಕ್ ಎಂಬ ಕಡತ ಮಾದರಿಗೆ ಹಾಕಿದರೆ ಒಂದು ಕಣವೂ ಕಳೆಯದೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, 350ರ ಆಸುಪಾಸು. ನೂರೈವತ್ತು ಸಿ.ಡಿ.ಗೆ 55 ಜಿ.ಬಿ. ಎಂದಿಟ್ಟುಕೊಳ್ಳಿ. ಟ್ರಂಕಿನಲ್ಲಿ ಇನ್ನೂರು ಕ್ಯಾಸೆಟ್, ಒಂದೊಂದೂ ಒಂದು ಗಂಟೆಯದ್ದು ಎಂದರೆ ಇನ್ನೊಂದು 70 ಜಿ.ಬಿ. ಅಪ್ಪನ ಇಡೀ ಸಂಗ್ರಹ 125 ಜಿ.ಬಿ. ಇದಕ್ಕೆ ನಾಲ್ಕು ಡಿಸ್ಕಿನ ಪೆಟ್ಟಿಗೆಯೇ? 500 ಜಿ.ಬಿ.ಯ ಒಂದು ಎಸ್‌ಎಸ್‌ಡಿಯಲ್ಲಿ ಮುಕ್ಕಾಲು ಭಾಗ ಖಾಲಿ ಉಳಿಯುತ್ತದೆ. ಅಂಗಡಿಯವರು ಈ ಗುಣಾಕಾರ ಮಾಡುವುದಿಲ್ಲ, ಮಾಡಿದರೆ ವ್ಯಾಪಾರವಾಗುವುದಿಲ್ಲ.

192ರ ಮಾತು. 44.1ರಲ್ಲಿ ಹಿಡಿದರೆ 22 ಕಿಲೋಹರ್ಟ್ಸ್‌ವರೆಗಿನ ಸ್ವರ ಬರುತ್ತದೆ. ಎಳೆಯ ಕಿವಿಗೂ 20ರ ಮೇಲೆ ಕೇಳಿಸುವುದಿಲ್ಲ, ನಮ್ಮ ವಯಸ್ಸಿನವರ ಕಿವಿಯ ವಿಷಯ ಬಿಡಿ. ಮನೆಯ ಟೇಪ್‌ರೆಕಾರ್ಡರ್‌ನಲ್ಲಿ ಹಿಡಿದ ಕ್ಯಾಸೆಟ್ 15 ಮುಟ್ಟಿದರೆ ದೊಡ್ಡ ಮಾತು. ಕ್ಯಾಸೆಟ್ ಹಿಡಿಯುವಾಗ 24 ಬಿಟ್ ಇಟ್ಟುಕೊಳ್ಳಿ, ಅದರಿಂದ ಲಾಭವಿದೆ; ಮಟ್ಟ ಸ್ವಲ್ಪ ಕೆಳಗಿಟ್ಟರೂ ಗುಣ ಕೆಡುವುದಿಲ್ಲ. ಮೇಲಿನ ಲೆಕ್ಕಕ್ಕಿಂತ ಜಾಗ ಒಂದಿಷ್ಟು ಹೆಚ್ಚು ಬೇಕಾದೀತು, ಆಗಲೂ 500 ಜಿ.ಬಿ.ಯಲ್ಲಿ ಹಿಡಿಸುತ್ತದೆ. 192 ಬರೀ ಜಾಗ ತಿನ್ನುತ್ತದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್‌ನ) ಮಳೆ ಹೆಂಚಿನ ಮೇಲೆ ಸುರಿಯುತ್ತಿರುವಾಗ 320 ಕಿಲೋಬಿಟ್‌ನ ಎಂಪಿ3ಗೂ ಫ್ಲ್ಯಾಕ್‌ಗೂ ವ್ಯತ್ಯಾಸ ಹೇಳುವವರಿದ್ದರೆ ನಮ್ಮ ಮನೆಗೆ ಬನ್ನಿ, ಊಟದ ಖರ್ಚು ನನ್ನದು.

ಫ್ಲ್ಯಾಕ್ ಬೇಕು ಎನ್ನುವುದಕ್ಕೆ ಕಾರಣ ಕಿವಿಯಲ್ಲ. ಮುಂದೆ ಯಾವ ಹೊಸ ಮಾದರಿ ಬಂದರೂ ಅದರಿಂದ ನಷ್ಟವಿಲ್ಲದೆ ಪರಿವರ್ತಿಸಬಹುದು. ಎಂಪಿ3ಯನ್ನು ಮತ್ತೊಂದಕ್ಕೆ ಪರಿವರ್ತಿಸಿದರೆ ಪ್ರತಿ ಸಲವೂ ಒಂದಿಷ್ಟು ಸವೆಯುತ್ತದೆ.

ಕುಶಾಲನಗರದ ಕಿವಿ

ಊಟಕ್ಕೆ ಬರುತ್ತೇನೆ, ಡಿಸೆಂಬರ್‌ನಲ್ಲಿ. ಮಳೆ ಇಲ್ಲದಾಗ ಪರೀಕ್ಷೆ ಮಾಡಿ ಮೇಷ್ಟ್ರೇ.

ಮೈಸೂರಿನಲ್ಲಿರುವ ಕೊಡಗಿನವಳು

ರೇಡ್ ಬಗ್ಗೆ ಒಂದು ಮಾತು. ರೇಡ್ ಎಂದರೆ ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ, ಅಷ್ಟೇ. ತಪ್ಪಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಸಿಡಿಲು ಬಡಿದರೆ ಒಂದೇ ಪೆಟ್ಟಿಗೆಯಲ್ಲಿರುವ ನಾಲ್ಕೂ ಹೋಗುತ್ತವೆ. ಅದು ಬ್ಯಾಕಪ್ ಅಲ್ಲ.

2018ರ ಆಗಸ್ಟ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಡ್ಡ ಜರಿದಾಗ ಉಟ್ಟ ಬಟ್ಟೆಯಲ್ಲಿ ಹೊರಬಂದವರು ಎಷ್ಟೋ ಮಂದಿ. ಫೋಟೋ ಆಲ್ಬಮ್ ಕೂಡ ತರಲಾಗಲಿಲ್ಲ. ಹಾಗಾಗಿ ಒಂದು ಪ್ರತಿ ಜಿಲ್ಲೆಯಿಂದ ಹೊರಗೇ ಇರಲಿ. ನಮ್ಮ ಅಣ್ಣ ಪ್ರತಿ ಸಲ ಮೈಸೂರಿಗೆ ಬರುವಾಗ ಒಂದು ಚಿಕ್ಕ ಡಿಸ್ಕ್ ತಂದು ನನ್ನ ಬೀರುವಿನಲ್ಲಿಟ್ಟು, ಇಲ್ಲಿದ್ದುದನ್ನು ಒಯ್ಯುತ್ತಾನೆ. ಅದಕ್ಕೆ ಕ್ಲೌಡ್ ಬೇಡ, ತಿಂಗಳ ಬಾಡಿಗೆಯೂ ಬೇಡ. ನಾಸ್‌ಗೆ ಇಡಬೇಕೆಂದಿದ್ದ ದುಡ್ಡಿನಲ್ಲಿ ಇಂತಹ ಎರಡು ಡಿಸ್ಕ್ ಬರುತ್ತದೆ, ಮಿಕ್ಕಿದ್ದರಲ್ಲಿ ಉಳಿದದ್ದೆಲ್ಲ ಬರುತ್ತದೆ.

ತೋಟದಮನೆ, ನಾಪೋಕ್ಲು

125 ಜಿ.ಬಿ. ಎಂದು ಕೇಳಿ ಮನಸ್ಸು ಹಗುರವಾಯಿತು ಮೇಷ್ಟ್ರೇ. ಹಾಗಾದರೆ ಪೆಟ್ಟಿಗೆ ಯಾವುದು? ಮೂರು ಕಡೆ ಹೇಗೆ? ನಡುಬಾಡೆಯಲ್ಲಿ ಹಾಡು ಒಂದು ಕ್ಷಣ ಮುಂದೆ, ಜಗಲಿಯಲ್ಲಿ ಒಂದು ಕ್ಷಣ ಹಿಂದೆ ಬಂದರೆ ಗದ್ದಲವಾಗುತ್ತದಲ್ಲ? ನಮ್ಮಲ್ಲಿ ಒಂದು ಕಡೆಯ ಸದ್ದು ಇನ್ನೊಂದು ಕಡೆಗೆ ಕೇಳುತ್ತದೆ.

ತಂತಿಗಾರ, ಸುಂಟಿಕೊಪ್ಪ

ಸರಿಯಾದ ಜಾಗಕ್ಕೆ ಕೈಹಾಕಿದಿರಿ. ಡಿ.ಎಲ್.ಎನ್.ಎ. ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ, ಟಿ.ವಿ.ಯಿಂದ ಹಿಡಿದು ಎಲ್ಲದರಲ್ಲೂ ಇರುವ ಹಳೆಯ ಒಪ್ಪಂದ. ಒಂದು ಕಡೆ ನುಡಿಸಲು ಸಾಕು, ಎರಡು ಕಡೆ ಒಂದೇ ತಾಳದಲ್ಲಿ ನುಡಿಸಲು ಅದಕ್ಕೆ ಬರುವುದಿಲ್ಲ. ಏರ್‌ಪ್ಲೇ 2, ಗೂಗಲ್ ಕಾಸ್ಟ್, ಲಿರಿಯನ್, ಸ್ನ್ಯಾಪ್‌ಕಾಸ್ಟ್ ಇವು ಎಲ್ಲ ಸ್ಪೀಕರ್‌ಗಳನ್ನು ಒಂದೇ ಗಡಿಯಾರಕ್ಕೆ ಕಟ್ಟುತ್ತವೆ.

ನಾನಾದರೆ ಹೀಗೆ ಮಾಡುತ್ತೇನೆ. ಒಂದು ರಾಸ್ಪ್‌ಬೆರಿ ಪೈ 4 (ಚಿಕ್ಕ, ಅಗ್ಗದ ಕಂಪ್ಯೂಟರ್), ಅದಕ್ಕೆ ಯು.ಎಸ್.ಬಿ.ಯಲ್ಲಿ ಎಸ್‌ಎಸ್‌ಡಿ, ಒಂದು ಸಾಧಾರಣ ಯು.ಎಸ್.ಬಿ. ಡಿ.ಎ.ಸಿ. (ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್ ಒಪ್ಪುವ ಸಂಕೇತಕ್ಕೆ ಬದಲಿಸುವ ಸಾಧನ); ಪೈನ ಸ್ವಂತ ಹೆಡ್‌ಫೋನ್ ರಂಧ್ರದಿಂದ ಬರುವ ಸದ್ದು ಆಂಪ್ಲಿಫೈಯರ್‌ಗೆ ತಕ್ಕದ್ದಲ್ಲ. ಡಿ.ಎ.ಸಿ.ಯಿಂದ ಆಂಪ್ಲಿಫೈಯರ್‌ನ ಆಕ್ಸ್ ಅಥವಾ ಟೇಪ್ ಇನ್‌ಗೆ ತಂತಿ. ಫೋನೋ ಎಂದು ಬರೆದಲ್ಲಿ ಮಾತ್ರ ಚುಚ್ಚಬೇಡಿ, ಅದು ಗ್ರಾಮಫೋನ್ ತಟ್ಟೆಗೆ ಮೀಸಲು, ಕರ್ಕಶವಾಗಿ ಅರಚುತ್ತದೆ. ಪೈನಲ್ಲಿ ಪೈಕೋರ್‌ಪ್ಲೇಯರ್ ಎಂಬ ತಂತ್ರಾಂಶ ಹಾಕಿ, ಅದರೊಳಗೇ ಲಿರಿಯನ್ ಸರ್ವರ್. ಈ ಪೈಕೋರ್‌ಪ್ಲೇಯರ್ ಆನ್ ಆದ ಮೇಲೆ ಪೂರ್ತಿ ರ‍್ಯಾಮ್‌ನಲ್ಲೇ ಓಡುತ್ತದೆ. ಕರೆಂಟ್ ಇದ್ದಕ್ಕಿದ್ದಂತೆ ಹೋದರೂ ಮೆಮೊರಿ ಕಾರ್ಡ್ ಕೆಡುವ ಭಯ ಬಹಳ ಕಡಿಮೆ. ನಮ್ಮ ಜಿಲ್ಲೆಗೆಂದೇ ಯಾರೋ ಬರೆದಂತಿದೆ. ಅಡುಗೆಮನೆಗೆ ಮತ್ತು ಜಗಲಿಗೆ ಒಂದೊಂದು ಪೈ ಝೀರೋ 2 ಡಬ್ಲ್ಯೂ (ಪೈನ ಇನ್ನೂ ಚಿಕ್ಕ ತಮ್ಮ); ನಿಮ್ಮ ಮನೆಯಲ್ಲಿರುವ ಯಾವುದೇ ಚಿಕ್ಕ ಸ್ಪೀಕರ್ ಅದಕ್ಕೆ ನಡೆಯುತ್ತದೆ. ಝೀರೋದಲ್ಲಿ ಹೆಡ್‌ಫೋನ್ ರಂಧ್ರವೇ ಇಲ್ಲ, ಅದಕ್ಕೂ ಡಿ.ಎ.ಸಿ. ಬೇಕೆಂಬುದು ನೆನಪಿರಲಿ.

ಇಷ್ಟೆಲ್ಲ ಕೂಡಿಸುವ ವ್ಯವಧಾನವಿಲ್ಲ ಎನ್ನುವವರಿಗೆ ವೀಮ್ ಮಿನಿಯಂತಹ ಸಿದ್ಧ ಪೆಟ್ಟಿಗೆಗಳಿವೆ. ಹಳೆಯ ಆಂಪ್ಲಿಫೈಯರ್‌ಗೆ ಸಿಕ್ಕಿಸಿದರೆ ಆಯಿತು. ಆದರೆ ನಾನು ಹೇಳಿದ ಫೈಬರ್ ಕೀಳುವ ಪರೀಕ್ಷೆಯನ್ನು ಅದಕ್ಕೂ ಮಾಡಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು: ಇದರಲ್ಲಿ ತಂತಿಯಿಲ್ಲದ್ದು ಕೊನೆಯ ಹೆಜ್ಜೆ ಮಾತ್ರ ಇರಲಿ. ರೂಟರ್, ಪೈ, ಡಿಸ್ಕ್ ಮೂರೂ ಒಂದೇ ಕಪಾಟಿನಲ್ಲಿ, ಲ್ಯಾನ್ ತಂತಿಯಲ್ಲಿ. ವೇಗದ ಚಿಂತೆ ಬೇಡ. ಫ್ಲ್ಯಾಕ್‌ಗೆ ಒಂದು ಎಂ.ಬಿ.ಪಿ.ಎಸ್. ಆಸುಪಾಸು ಸಾಕು, ಹತ್ತು ವರ್ಷ ಹಳೆಯ ರೂಟರ್ ಕೂಡ ಕೊಡುತ್ತದೆ. ಚಿಂತೆ ಗೋಡೆಯದ್ದು. ವೈಫೈನ 5 ಗಿಗಾಹರ್ಟ್ಸ್ ಅಲೆ ನಿಮ್ಮ ಮಣ್ಣಿನ ಗೋಡೆ ದಾಟಲು ತಿಣುಕುತ್ತದೆ, ಮಳೆಗಾಲದಲ್ಲಿ ಗೋಡೆ ನೆನೆದಾಗ ಇನ್ನೂ ಕಷ್ಟ. ಸ್ಪೀಕರ್‌ಗಳನ್ನು 2.4 ಗಿಗಾಹರ್ಟ್ಸ್‌ನಲ್ಲೇ ಇಡಿ. ನಡುಬಾಡೆಯಿಂದ ಜಗಲಿಗೆ ಸಿಗ್ನಲ್ ಸಾಲದಿದ್ದರೆ ಮೆಶ್ ಎಂದು ಓಡಬೇಡಿ. ತೊಲೆಯ ಮೇಲೆ ಲ್ಯಾನ್ ತಂತಿ ಎಳೆದು ಜಗಲಿಯಲ್ಲಿ ಹಳೆಯ ರೂಟರ್ ಒಂದನ್ನು ಆಕ್ಸೆಸ್ ಪಾಯಿಂಟ್ (ಅಲ್ಲಿ ವೈಫೈ ಹಂಚುವ ಕೇಂದ್ರ) ಮಾಡಿ. ನೂರು ಮೀಟರ್‌ವರೆಗೆ ತಂತಿ ಒಪ್ಪುತ್ತದೆ.

ಒಂದು ಎಚ್ಚರಿಕೆ. ಆ ತಂತಿ ಸೂರಿನೊಳಗೇ ಇರಲಿ. ಕಣದ ಶೆಡ್ಡಿಗೋ ಕಾರ್ಮಿಕರ ಲೈನ್ ಮನೆಗೋ ಹೊರಗಿನಿಂದ ತಾಮ್ರದ ಲ್ಯಾನ್ ತಂತಿ ಎಳೆದರೆ ಏಪ್ರಿಲ್ ಸಿಡಿಲಿಗೆ ದಾರಿ ಮಾಡಿಕೊಟ್ಟಂತೆ. ಹತ್ತಿರ ಬಿದ್ದರೂ ಸಾಕು, ಎರಡೂ ತುದಿಯ ಯಂತ್ರ ಸುಡುತ್ತದೆ. ಹೊರಗೆ ಹೋಗಲೇಬೇಕಿದ್ದರೆ ಫೈಬರ್ ಹಾಕಿ, ಎರಡು ತುದಿಗೆ ಫೈಬರ್ ಮತ್ತು ಲ್ಯಾನ್ ತಂತಿಯನ್ನು ಜೋಡಿಸುವ ಮೀಡಿಯಾ ಕನ್ವರ್ಟರ್. ಲೋಹವಿಲ್ಲದ ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ. ಅರ್ಥಿಂಗ್ ಒಮ್ಮೆ ನೋಡಿಸಿ.

ಅಮ್ಮತ್ತಿ ಹೋಮ್‌ಸ್ಟೇ

ತಂತಿಗಾರರು ಹೇಳಿದ ವ್ಯವಸ್ಥೆ ನಮ್ಮಲ್ಲಿದೆ. ಒಂದು ಕಿರಿಕಿರಿ ಹೇಳುತ್ತೇನೆ. ಕರೆಂಟ್ ಹೋಗಿ ಬಂದಾಗ ಪೈ ಬೇಗ ಎದ್ದುಬಿಡುತ್ತದೆ, ರೂಟರ್ ಏಳಲು ಇನ್ನೂ ಸಮಯ ಬೇಕು. ಪೈ ನೆಟ್‌ವರ್ಕ್ ಹುಡುಕಿ ಸಿಗದೆ ಸುಮ್ಮನಾಗುತ್ತದೆ. ಆಮೇಲೆ ಯಾರಾದರೂ ಹೋಗಿ ಆಫ್ ಮಾಡಿ ಆನ್ ಮಾಡಬೇಕು. 12 ವೋಲ್ಟಿನ ಮಿನಿ ಯು.ಪಿ.ಎಸ್. ಸಿಗುತ್ತದಲ್ಲ, ಅದನ್ನು ರೂಟರ್‌ಗೆ ಕೊಟ್ಟ ಮೇಲೆ ಸರಿಹೋಯಿತು. ರೂಟರ್ ಮಲಗುವುದೇ ಇಲ್ಲ.

ಇನ್ನೊಂದು, ಇನ್ವರ್ಟರ್. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಆಂಪ್ಲಿಫೈಯರ್‌ನಲ್ಲಿ ಗುಂಯ್ ಎಂದು ಸದ್ದು ಬರುತ್ತದೆ. ಸ್ಪೀಕರ್ ಬದಲಿಸಿ, ತಂತಿ ಬದಲಿಸಿ ಎಂದು ಯಾರು ಹೇಳಿದರೂ ಕೇಳಬೇಡಿ, ಅದು ಸೈನ್ ವೇವ್ ಇನ್ವರ್ಟರ್‌ನಿಂದಷ್ಟೇ ಹೋಗುತ್ತದೆ.

ಹೋಮ್‌ಸ್ಟೇ ನಡೆಸುವವರು ಗಮನಿಸಿ: ಅತಿಥಿಗಳಿಗೆ ಕೇಳಿಸಲು ಸ್ವಂತ ಚಂದಾದ ಆ್ಯಪ್ ಬಳಸುವಂತಿಲ್ಲ, ಅದು ಖಾಸಗಿ ಬಳಕೆಗೆ ಮಾತ್ರ. ವ್ಯವಹಾರದ ಜಾಗದಲ್ಲಿ ಹಾಡು ಹಾಕಲು ಪರವಾನಗಿ ಬೇರೆಯೇ ಪಡೆಯಬೇಕು. ನಾವು ಈಗ ಅತಿಥಿಗಳಿಗೆ ಹಕ್ಕಿಗಳನ್ನೇ ಕೇಳಿಸುತ್ತಿದ್ದೇವೆ, ಅವು ಪರವಾನಗಿ ಕೇಳುವುದಿಲ್ಲ.

ಹೂಮಳೆ

ಅಮ್ಮನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಪೈ, ಸರ್ವರ್ ಎಲ್ಲ ಸರಿ, ಅವರು ಏನನ್ನು ಒತ್ತಬೇಕು?

ಮೈಸೂರಿನಲ್ಲಿರುವ ಕೊಡಗಿನವಳು

ಒಳ್ಳೆಯ ಪ್ರಶ್ನೆ ಅಕ್ಕಾ. ಸಿಮ್ ಇಲ್ಲದ ಹಳೆಯ ಮೊಬೈಲ್ ಒಂದನ್ನು ರಿಮೋಟ್ ಮಾಡಿ. ಅದರಲ್ಲಿ ಲಿರಿಯನ್‌ನ ಆ್ಯಪ್ ಒಂದೇ ಇರಲಿ, ವಾಟ್ಸ್‌ಆ್ಯಪ್ ಬೇಡ. ಚಾರ್ಜರ್‌ಗೆ ಸಿಕ್ಕಿಸಿ ಅಡುಗೆಮನೆಯ ಗೋಡೆಗೆ ತಗುಲಿಹಾಕಿ. ನಮ್ಮ ಅಮ್ಮ ಹೆಸರು ಓದುವುದಿಲ್ಲ, ಚಿತ್ರ ನೋಡುತ್ತಾರೆ. ಅದಕ್ಕಾಗಿ ಪ್ರತಿ ಕ್ಯಾಸೆಟ್‌ನ ಹೊದಿಕೆಯ ಫೋಟೋ ತೆಗೆದು ಆಲ್ಬಮ್ ಚಿತ್ರವಾಗಿ ಸೇರಿಸಿದೆವು. ಮನೆಯಲ್ಲಿ ಹಿಡಿದ ಕ್ಯಾಸೆಟ್‌ಗೆ ಹೊದಿಕೆ ಇರಲಿಲ್ಲ. ಹಾಡಿದವರ ಫೋಟೋ ಹಾಕಿದೆವು. ಈಗ ಅಮ್ಮ ಮುಖ ಒತ್ತುತ್ತಾರೆ, ಹಾಡು ಬರುತ್ತದೆ.

ಕುಶಾಲನಗರದ ಕಿವಿ

ಈ ಉಪಾಯ ನನಗೂ ಬೇಕು. ನನ್ನ ಹಳೆಯ ಹಾಡುಗಳ ಹೆಸರುಗಳೆಲ್ಲ ಗೀಚಿದಂತೆ ಕಾಣುತ್ತವೆ, ಕನ್ನಡದಲ್ಲೇ ಬರೆದಿದ್ದರೂ.

ಮೇಷ್ಟ್ರು, ಶನಿವಾರಸಂತೆ

ಅವು ಯುನಿಕೋಡ್‌ಗೆ ಮೊದಲಿನ ಅಕ್ಷರಶೈಲಿಗಳಲ್ಲಿ ಬರೆದವು. ಆ ಫಾಂಟ್ ಇಲ್ಲದ ಕಡೆ ರೋಮನ್ ಅಕ್ಷರಗಳ ಮೇಲೆ ಚುಕ್ಕೆ, ಟೋಪಿ ಇಟ್ಟಂತೆ ಕಾಣುತ್ತದೆ. ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿ, ಎಂಪಿ3ಟ್ಯಾಗ್ ಅಥವಾ ಕಿಡ್3 ತಂತ್ರಾಂಶದಲ್ಲಿ ಅಂಟಿಸಿ. ಹಾಡು ಯಾವುದೆಂದು ತಾನೇ ಗುರುತಿಸಿ ಹೆಸರು ತುಂಬುವ ತಂತ್ರಾಂಶಗಳಿವೆ, ನಮ್ಮ ಹಾಡುಗಳಿಗೆ ಅವನ್ನು ನೆಚ್ಚಿಕೊಳ್ಳಬೇಡಿ; ಕೈಯಲ್ಲೇ ಬರೆಯಬೇಕು. ಬರೆಯುವಾಗ ಒಂದೇ ಕಾಗುಣಿತ ಹಿಡಿಯಿರಿ. ಪುತ್ತರಿ ಎಂದು ಒಂದು ಕಡೆ, ಹುತ್ತರಿ ಎಂದು ಇನ್ನೊಂದು ಕಡೆ ಬರೆದರೆ ಯಂತ್ರಕ್ಕೆ ಅವು ಎರಡು ಹಬ್ಬ.

ತೋಟದಮನೆ, ನಾಪೋಕ್ಲು

ನಿರ್ಧಾರವಾಯಿತು. ನಾಸ್ ಇಲ್ಲ. ಪೈ 4, ಎಸ್‌ಎಸ್‌ಡಿ, ಎರಡು ಝೀರೋ, ಮಿನಿ ಯು.ಪಿ.ಎಸ್., ಎರಡು ಚಿಕ್ಕ ಡಿಸ್ಕ್. ಒಂದು ಡಿಸ್ಕ್ ಬೆಂಗಳೂರಿನ ತಂಗಿಯ ಮನೆಗೆ. ಉಳಿದ ಪ್ರಶ್ನೆ ಕ್ಯಾಸೆಟ್. ಟ್ರಂಕ್ ತೆರೆದು ನೋಡಿದೆ, ಕೆಲವದರ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿದೆ. ಡೆಕ್‌ಗೆ ಹಾಕಬಹುದೇ?

ತಂತಿಗಾರ, ಸುಂಟಿಕೊಪ್ಪ

ಹಾಗೆಯೇ ಹಾಕಬೇಡಿ. ಬೂಷ್ಟು ಡೆಕ್‌ನ ಹೆಡ್‌ಗೆ ಅಂಟುತ್ತದೆ, ಅಲ್ಲಿಂದ ಮುಂದಿನ ಎಲ್ಲ ಕ್ಯಾಸೆಟ್‌ಗೂ ಹರಡುತ್ತದೆ. ಬೂಷ್ಟು ಹಿಡಿದವನ್ನು ಬೇರೆ ಮಾಡಿ, ಒಳ್ಳೆಯವನ್ನು ಮೊದಲು ಮುಗಿಸಿ. ಉಳಿದವನ್ನು ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬದಲ್ಲಿ ಒಣಗಿಸಿ. ಬಿಸಿಲಿಗೆ ಒಡ್ಡಬೇಡಿ, ಟೇಪು ಸುರುಟುತ್ತದೆ. ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಟೇಪನ್ನು ನಿಧಾನವಾಗಿ ಸುತ್ತುತ್ತಾ ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಬೇಕು. ಸ್ಕ್ರೂ ಇರುವ ಕ್ಯಾಸೆಟ್ ಆದರೆ ಬಿಚ್ಚಿ ಸುರುಳಿಯನ್ನು ಹೊಸ ಕವಚಕ್ಕೆ ಹಾಕುವುದು ಉತ್ತಮ. ಪ್ರತಿ ಕ್ಯಾಸೆಟ್ ಆದ ಮೇಲೂ ಹೆಡ್ ಮತ್ತು ರಬ್ಬರ್ ಉರುಳೆ ಒರೆಸಿ. ಹೆಡ್‌ಗೆ ಐಸೋಪ್ರೊಪೈಲ್ ಆಲ್ಕೋಹಾಲ್. ಔಷಧಿ ಅಂಗಡಿಯ ಬಣ್ಣದ ಸ್ಪಿರಿಟ್ ಬೇಡ.

ಹಿಡಿಯುವಾಗ ಕಂಪ್ಯೂಟರ್‌ನಲ್ಲಿ ಅಡಾಸಿಟಿ ತಂತ್ರಾಂಶ ಸಾಕು. ದುಡಿಯ ಪೆಟ್ಟು ಇದ್ದಕ್ಕಿದ್ದಂತೆ ಮೇಲೇಳುತ್ತದೆ. ಮಾತಿಗೆ ಮಟ್ಟ ಹೊಂದಿಸಿಟ್ಟರೆ ದುಡಿ ಒಡೆಯುತ್ತದೆ. ಅತಿ ಜೋರಾದ ಪೆಟ್ಟು ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ. ಹಿನ್ನೆಲೆಯ ಸರಸರ ಸದ್ದು ತೆಗೆಯುವ ಗುಂಡಿ ಒತ್ತುವ ಆಸೆಯಾಗುತ್ತದೆ. ಮೂಲ ಕಡತವನ್ನು ಹಾಗೆಯೇ ಎತ್ತಿಟ್ಟು, ಪ್ರತಿಯ ಮೇಲೆ ಮಾತ್ರ ಒತ್ತಿ.

ಈ ಕೆಲಸ ಮಳೆಗಾಲದಲ್ಲಿ ಬೇಡ. ಕಾಫಿ ಕೊಯ್ಲು ಮುಗಿದು ಹವೆ ಒಣಗಿರುವ ಫೆಬ್ರವರಿ, ಮಾರ್ಚ್‌ನಲ್ಲಿ ಮಾಡಿ. ಡೆಕ್ ಇಲ್ಲದಿದ್ದರೆ ನನ್ನದು ಒಯ್ಯಿರಿ, ಹೊಸ ಬೆಲ್ಟ್ ಹಾಕಿದ್ದೇನೆ. ಬೂಷ್ಟು ಹಿಡಿದ ಕ್ಯಾಸೆಟ್ ಅದಕ್ಕೆ ಹಾಕುವುದಿಲ್ಲ ಎಂದು ಇಲ್ಲೇ ಬರೆದುಕೊಡಿ, ಎಲ್ಲರೂ ಸಾಕ್ಷಿ.

ತೋಟದಮನೆ, ನಾಪೋಕ್ಲು

ಬರೆದುಕೊಟ್ಟೆ ಅಣ್ಣಾ. ಭಾನುವಾರ ಸುಂಟಿಕೊಪ್ಪ ಸಂತೆಗೆ ಬರುವಾಗ ಮನೆಗೆ ಬರುತ್ತೇನೆ.